ಚೇಂಬರಿನ ಅಂಚು ಮತ್ತು ಸಾಕಮ್ಮ

ಕಳೆದ ಭಾನುವಾರ ಸಿಂಗಸಂದ್ರದ ನಮ್ಮ ಫ್ಲಾಟಿಗೆ ಪ್ಲಂಬರ್ ಬಂದಿದ್ದರು. ವಾಶ್‌ಬೇಸಿನ್ನಿನ ಸುತ್ತ ಅವರು ಸಿಲಿಕಾನ್ ಒತ್ತುತ್ತಿದ್ದಂತೆ ಬಚ್ಚಲುಮನೆಯ ತುಂಬ ವಿನಿಗರಿನ ಹುಳಿ ವಾಸನೆ ಎದ್ದಿತು. ಗೋಬಿ ಮಂಚೂರಿ ನೆನಪಾಗಬೇಕಾದ ವಾಸನೆಗೆ ಎಂಜಿನ್ ನೆನಪಾಗುವ ಹೆಂಗಸು ಈ ಅಪಾರ್ಟ್‌ಮೆಂಟಿನಲ್ಲಿ ನಾನೊಬ್ಬಳೇ ಇರಬೇಕು. ಬೆಂಗಳೂರಿನ ಈ ತುದಿಯಿಂದ ಪೀಣ್ಯದ ತುದಿಗೆ ಇಷ್ಟು ವರ್ಷ ಓಡಾಡುತ್ತಿರುವುದನ್ನೂ, ಈ ನೆನಪನ್ನೂ ನಮ್ಮ ಮನೆಯವರು ಒಂದೇ ಕಾಯಿಲೆಯ ಎರಡು ಲಕ್ಷಣ ಎನ್ನುತ್ತಾರೆ.

ಆಗ ನಾನು ಪೀಣ್ಯದಲ್ಲಿ, ಜನರೇಟರುಗಳಿಗೆ ಎಂಜಿನ್ ಜೋಡಿಸಿಕೊಡುವ ಒಂದು ಸಣ್ಣ ಕಾರ್ಖಾನೆಗೆ ಸೂಪರ್‌ವೈಸರ್ ಆಗಿ ಹೊಸದಾಗಿ ಸೇರಿದ್ದೆ. ಎಂಜಿನ್ ಎಂದ ಕೂಡಲೇ ಪುಟ ತಿರುಗಿಸಬೇಡಿ, ನೀವು ತಿಳಿಯಬೇಕಾದದ್ದು ಇಷ್ಟೇ. ಮೇಲೆ ಬ್ಲಾಕ್ ಎಂಬ ಕಬ್ಬಿಣದ ದಿಮ್ಮಿ. ಅದರ ತಳಕ್ಕೆ ಬೋಲ್ಟು ಹಾಕಿ ಬಿಗಿಯುವ ಒಂದು ತೊಟ್ಟಿ, ತೊಟ್ಟಿಯ ತುಂಬ ಎಣ್ಣೆ. ಕಾಗದಪತ್ರದಲ್ಲಿ ಅದು ಆಯಿಲ್ ಪ್ಯಾನ್, ಕೆಲಸಗಾರರ ಬಾಯಲ್ಲಿ ಚೇಂಬರ್. ಎರಡರ ಅಂಚೂ ಕೂಡುವಲ್ಲಿ ಎಣ್ಣೆ ಸೋರದಂತೆ ಟ್ಯೂಬಿನಿಂದ ಇದೇ ಹುಳಿ ವಾಸನೆಯ ಸಿಲಿಕಾನ್ ಪೇಸ್ಟು ಹಚ್ಚಬೇಕು, ಅದು ಒಣಗಿ ರಬ್ಬರಾಗುತ್ತದೆ. ಹಲ್ಲುಜ್ಜುವ ಬ್ರಶ್ಶಿಗೆ ಹಚ್ಚುವಷ್ಟೇ ಸುಲಭ ಎಂದು ನಾನು ತಿಳಿದಿದ್ದೆ. ಡಿಪ್ಲೊಮಾದಲ್ಲಿ ಫಸ್ಟ್ ಕ್ಲಾಸ್ ಬಂದವಳಲ್ಲವೇ.

ಆ ಕೆಲಸ ಸಾಕಮ್ಮನವರದು. ಅಲ್ಲೇ ಹತ್ತಿರದ ಚಿಕ್ಕಬಾಣಾವರದಲ್ಲಿ ಹುಟ್ಟಿ ಬೆಳೆದವರು, ವಯಸ್ಸು ಐವತ್ತು ದಾಟಿತ್ತು. ಶೆಡ್ಡು ಗುಡಿಸಲೆಂದು ಬಂದು ಎಂಜಿನ್ನಿನ ಪಕ್ಕ ಕೂತವರಂತೆ. ಪೇಸ್ಟು ಹಚ್ಚಲು ಅವರಿಗೆ ಬೇಕಾದದ್ದು ಎರಡು ನಿಮಿಷ, ಅದಕ್ಕೆ ಮುಂಚೆ ಅಂಚು ಒರೆಸಲು ಅರ್ಧ ಗಂಟೆ. ಒರೆಸಿ, ಕಣ್ಣು ಮುಚ್ಚಿ, ಉಂಗುರದ ಬೆರಳನ್ನು ಅಂಚಿನ ಮೇಲೆ ಸುತ್ತಲೂ ಓಡಿಸುತ್ತಿದ್ದರು. ಎಲ್ಲೋ ಒಂದು ಕಡೆ ಬೆರಳು ನಿಂತುಬಿಡುತ್ತಿತ್ತು. ನನ್ನ ಕಣ್ಣಿಗೆ ಅಲ್ಲಿ ಏನೂ ಇರುತ್ತಿರಲಿಲ್ಲ. ಅವರು ಮತ್ತೆ ಬಟ್ಟೆ ಎತ್ತಿಕೊಳ್ಳುವರು, ನಾನು ವಾಚು ನೋಡಿಕೊಳ್ಳುವೆ. ಸಂಜೆ ಪ್ರತಿ ಎಂಜಿನ್ನಿನ ಕೆಳಗೂ ಹಳೆಯ ದಿನಪತ್ರಿಕೆಯ ಹಾಳೆ ಹಾಸಿ ಹೋಗುವರು. ಬೆಳಿಗ್ಗೆ ಬಂದವರೇ ಕುಕ್ಕರಗಾಲಲ್ಲಿ ಕೂತು ಎಲ್ಲಾದರೂ ಎಣ್ಣೆಯ ಹನಿ ಬಿದ್ದಿದೆಯೇ ಎಂದು ಒಂದೊಂದೇ ಹಾಳೆ ನೋಡುವರು.

“ಏನ್ ಸುದ್ದಿ ಸಾಕಮ್ಮ ಪೇಪರಲ್ಲಿ?” ಎಂದು ಒಮ್ಮೆ ಕೆಣಕಿದೆ.

“ಏನೂ ಇಲ್ಲ ಮೇಡಂ. ಏನೂ ಇಲ್ದಿದ್ರೇನೇ ನಮ್ಗೆ ಒಳ್ಳೇದು.”

ಇಂಥವರ ಎಂಜಿನ್ ಒಂದು ಎಲ್ಲೋ ಸೋರುತ್ತಿದೆಯೆಂದು ದೂರು ಬಂತು. ಯಾಕೆ, ಏನು ಎಂದು ಹೋಗಿ ನೋಡುವಷ್ಟು ತಾಳ್ಮೆ ನನಗೆಲ್ಲಿಯದು? ಸೀದಾ ಸಾಕಮ್ಮನವರ ಮುಂದೆ ನಿಂತು, “ಇವತ್ತಿಂದ ಪೇಸ್ಟು ಎರಡರಷ್ಟು ಹಾಕಿ” ಎಂದೆ.

“ಬ್ಯಾಡ ಮೇಡಂ. ಜಾಸ್ತಿ ಆಕಿದ್ರೆ ಒರಗಡೆ ಬಂದಷ್ಟೇ ಒಳಗಡೇನೂ ಓಗ್ತದೆ. ಒರಗಡೇದು ನಾವು ಒರೆಸ್ತೀವಿ. ಒಳಗಡೇದು ಯಾರು ಒರೆಸ್ತಾರೆ?”

“ನಾನು ಹೇಳಿದಷ್ಟು ಮಾಡಿ ಸಾಕಮ್ಮ.”

ಅವರು ಇನ್ನೊಂದು ಮಾತಾಡದೆ ಮಾಡಿದರು. ಆ ದಿನ ಐದು ಎಂಜಿನ್ ಮುಗಿದವು. ಮರುದಿನ ಐದು ಹಾಳೆಗಳಲ್ಲೂ ಎಣ್ಣೆಯ ಗುರುತಿರಲಿಲ್ಲ. ನಾನು ಶೆಡ್ಡಿನ ತುಂಬ ಬೀಗುತ್ತಾ ಓಡಾಡಿದೆ, ಈಗ ನೆನೆದರೆ ಮೈ ಉರಿಯುತ್ತದೆ.

ಮೂರನೆಯ ದಿನ ಬೆಳಗಿನ ಏಳಕ್ಕೆ, ಬೇರಾವುದೋ ಬೋಲ್ಟಿನ ತಕರಾರಿಗೆಂದು ಆ ಐದರಲ್ಲಿ ಒಂದರ ಚೇಂಬರ್ ಬಿಚ್ಚಿದರು. ಒಳಗಿನ ಅಂಚಿನ ಉದ್ದಕ್ಕೂ ರಬ್ಬರಿನ ಎಳೆಗಳು ಶಾವಿಗೆಯಂತೆ ಜೋತುಬಿದ್ದಿದ್ದವು. ಒಂದೆಳೆ ಆಗಲೇ ಕಳಚಿ, ಎಣ್ಣೆ ಹೀರುವ ಕೊಳವೆಯ ಜಾಲರಿಗೆ ಅಂಟಿಕೊಂಡಿತ್ತು. ಇಂಥ ನಾಲ್ಕೆಳೆ ಸೇರಿದರೆ ಜಾಲರಿ ಮುಚ್ಚುತ್ತದೆ, ಎಣ್ಣೆ ಮೇಲೇರುವುದಿಲ್ಲ, ಓಡುತ್ತಿರುವ ಎಂಜಿನ್ ಹಿಡಿದುಕೊಂಡು ನಿಂತುಬಿಡುತ್ತದೆ. ಸಾಕಮ್ಮ ಆ ಎಳೆಯನ್ನು ಬಿಡಿಸಿ ನನ್ನ ಅಂಗೈ ಮೇಲಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಾಲ್ಕು ಎಂಜಿನ್ ಶೆಡ್ಡಿನಲ್ಲೇ ಇದ್ದವು. ಐದನೆಯದು ಹಿಂದಿನ ದಿನ, ಚಿಕ್ಕಬಾಣಾವರದಾಚೆಯ ಒಂದು ಹೆರಿಗೆ ಆಸ್ಪತ್ರೆಗೆ ಜನರೇಟರಿನೊಂದಿಗೆ ಹೋಗಿಯಾಗಿತ್ತು. ಫೋನು ಮಾಡಿ ಅದನ್ನು ಓಡಿಸಬೇಡಿ ಎಂದೆ. ಅಲ್ಲಿನ ಮ್ಯಾನೇಜರ್, “ಇವತ್ತು ಹನ್ನೊಂದಕ್ಕೆ ಕರೆಂಟ್ ತೆಗೀತಾರೆ ಮೇಡಂ, ಸಂಜೆವರೆಗೂ ಬರಲ್ಲ. ಹನ್ನೆರಡಕ್ಕೆ ಆಪರೇಶನ್ ಇದೆ. ಮಗು ಅಡ್ಡ ತಿರುಗಿದೆಯಂತೆ, ಮುಂದಕ್ಕೆ ಹಾಕೋ ಹಾಗಿಲ್ಲ” ಎಂದರು. ಬಾಡಿಗೆ ಜನರೇಟರಿನವರು ಮಧ್ಯಾಹ್ನದ ಮೇಲೆ ಎಂದರು. ಚೇಂಬರ್ ಬಿಚ್ಚಿ ತೊಳೆಯಬಹುದು, ಆದರೆ ಮತ್ತೆ ಹಚ್ಚುವ ಪೇಸ್ಟು ಒಣಗಲು ಒಂದು ದಿನ ಬೇಕು. ಕಣ್ಣಿಂದ ಕಾಣದ ಯಾವಳೋ ಒಬ್ಬಳು ತಾಯಿ, ಅವಳ ಹೊಟ್ಟೆಯಲ್ಲಿ ಅಡ್ಡ ಮಲಗಿದ ಮಗು, ನಡುವೆ ನನ್ನ ಜಂಬ.

“ಪೇಸ್ಟು ಬ್ಯಾಡ” ಎಂದರು ಸಾಕಮ್ಮ. “ಶೀಟಲ್ಲಿ ಪ್ಯಾಕಿಂಗ್ ಕಡ್ಕೊತೀನಿ. ಅದು ಒಣಗೋದೇನೂ ಇಲ್ಲ. ನಡೀರಿ.”

ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ನಮ್ಮವರು ಎಂಜಿನ್ನನ್ನು ಚೈನ್ ಪುಲ್ಲಿಯಲ್ಲಿ ಎತ್ತಿ, ಎಣ್ಣೆ ಬಸಿದು, ಚೇಂಬರ್ ಇಳಿಸಿ, ಜಾಲರಿ ತೊಳೆಯುವ ಹೊತ್ತಿಗೆ ಒಂಬತ್ತೂವರೆ. ಸಾಕಮ್ಮ ನೆಲದಲ್ಲಿ ಕೂತು, ಅಂಚು ಒರೆಸಿ, ಕಣ್ಣು ಮುಚ್ಚಿ ಬೆರಳು ಓಡಿಸಿದರು. ಈ ಸಲ ನಾನು ವಾಚು ನೋಡಲಿಲ್ಲ. ಆಮೇಲೆ, ಪೇಸ್ಟಿನ ಬದಲು ಎರಡು ಅಂಚಿನ ನಡುವೆ ಕೂರಿಸುವ ರಟ್ಟಿನಂಥ ಪ್ಯಾಕಿಂಗ್ ಶೀಟನ್ನು ಚೇಂಬರಿನ ಮೇಲೆ ಹಾಸಿ, ಉಂಡೆ ತಲೆಯ ಒಂದು ಪುಟ್ಟ ಸುತ್ತಿಗೆಯಿಂದ ಮೆಲ್ಲಗೆ ಬಡಿಯತೊಡಗಿದರು. ಗೆರೆಯಿಲ್ಲ, ಅಳತೆಯಿಲ್ಲ, ಕತ್ತರಿಯಿಲ್ಲ. ಕೆಳಗೆ ಅಂಚಿನ ಕಬ್ಬಿಣವಿದ್ದಲ್ಲಿ ಒಂದು ಸದ್ದು, ಅಂಚು ಮುಗಿದಲ್ಲಿ ಇನ್ನೊಂದು ಸದ್ದು. ಆ ಎರಡು ಸದ್ದಿನ ನಡುವೆ ಶೀಟು ತಾನಾಗಿ ಕಡಿದುಕೊಂಡು ಬರುತ್ತಿತ್ತು. ಬೋಲ್ಟಿನ ತೂತುಗಳ ಮೇಲೆ ಉಂಡೆ ತಲೆಯಿಂದ ಒಂದೊಂದೇ ಏಟು, ಶೀಟಿನ ಬಿಲ್ಲೆಗಳು ಟಪಟಪ ಕೆಳಗೆ ಉದುರಿದವು. ಟ್ಯೂಬು ಬರುವುದಕ್ಕೆ ಮುಂಚೆ ವರ್ಷಗಟ್ಟಲೆ ಅವರು ಮಾಡಿದ ಕೆಲಸ ಇದೇ ಅಂತೆ. ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಎತ್ತಿ ಹಿಡಿದಾಗ ಆ ಶೀಟು ಚೇಂಬರಿನ ಅಂಚೇ ಆಗಿತ್ತು, ಒಂದು ಕೂದಲೂ ಹೆಚ್ಚುಕಡಿಮೆಯಿಲ್ಲ. ಓದಿದ್ದೆಲ್ಲ ಆ ಅಂಗಳದಲ್ಲಿ ಪುಡಿಪುಡಿಯಾಗಿ ಬಿದ್ದಂತೆ ಅನಿಸಿತು, ಅದಕ್ಕೆ ಬೇಸರವೂ ಆಗಲಿಲ್ಲ.

ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಇತ್ತಲೊಂದು ಅತ್ತಲೊಂದು, ಸ್ವಲ್ಪ ಸ್ವಲ್ಪವೇ ಬಿಗಿದರು. ಹತ್ತೂಮುಕ್ಕಾಲಿಗೆ ಎಣ್ಣೆ ತುಂಬಿದೆವು. ಹನ್ನೊಂದಕ್ಕೆ ಕರೆಂಟು ಹೋಯಿತು, ಜನರೇಟರ್ ಎದ್ದಿತು. ನಾನು ಹಾಳೆ ಹಾಸಿ ಪಕ್ಕದಲ್ಲೇ ಕೂತೆ. ಆಗ ಮಗುವಿನ ಅಳು ಕೇಳಿತು ಎಂದು ಬರೆಯಲು ಆಸೆ, ಆದರೆ ಆ ಗದ್ದಲದಲ್ಲಿ ನಮ್ಮ ಮಾತೇ ನಮಗೆ ಕೇಳುತ್ತಿರಲಿಲ್ಲ. ಹನ್ನೆರಡೂಮುಕ್ಕಾಲಿಗೆ ಮ್ಯಾನೇಜರ್ ಬಂದು ನನ್ನ ಕಿವಿಯ ಹತ್ತಿರ ಕೂಗಿದರು: “ಹೆಣ್ಣು. ಇಬ್ರೂ ಚೆನ್ನಾಗಿದ್ದಾರೆ.” ಹಾಳೆಯ ಮೇಲೆ ಒಂದು ಹನಿಯೂ ಇರಲಿಲ್ಲ. ನಾನು ಅಲ್ಲೇ ಅತ್ತೆ.

ವ್ಯಾನಿನಲ್ಲಿ ಹಿಂದಿರುಗುವಾಗ, “ತಪ್ಪೆಲ್ಲ ನಂದೇ ಸಾಕಮ್ಮ” ಎಂದೆ. ಅವರು ಕೈಯ ಗ್ರೀಸನ್ನು ಬಟ್ಟೆಗೆ ಉಜ್ಜಿಕೊಂಡರು.

“ನಿಮ್ದು ನಿಮ್ಗೆ ಮೇಡಂ. ನಂದೂ ಒಂದೈತೆ. ಬ್ಯಾಡ ಅಂತ ಒಂದೇ ಸಲ ಏಳ್ದೆ. ಗೊತ್ತಿದ್ದೋಳು ಇನ್ನೊಂದು ಸಲ ಏಳ್ಬೇಕಾಗಿತ್ತು.”

ಎರಡನೆಯ ಸಲ ಹೇಳಿದ್ದರೆ ನಾನು ಅವರನ್ನು ಆ ಕೆಲಸದಿಂದಲೇ ಎಬ್ಬಿಸಿಬಿಡುತ್ತಿದ್ದೆ. ಅದು ನಮ್ಮಿಬ್ಬರಿಗೂ ಗೊತ್ತಿತ್ತು. ಆದರೂ ಅವರು ಅದನ್ನು ತಮ್ಮ ಪಾಲಿಗೇ ಇಟ್ಟುಕೊಂಡರು.

ಸಾಕಮ್ಮನವರು ಕೆಲಸ ಬಿಟ್ಟು ಈಗ ಕೆಲವು ವರ್ಷಗಳಾದವು. ನಾನಿನ್ನೂ ಅದೇ ಶೆಡ್ಡಿನಲ್ಲಿದ್ದೇನೆ, ಸಿಟ್ಟೂ ಹಾಗೇ ಇದೆ. ಮೊನ್ನೆ ಫಿಟ್ಟರೊಬ್ಬರಿಗೆ ಏನೋ ಅವಸರದಲ್ಲಿ ಒಂದು ಕೆಲಸ ಹೇಳಿದೆ. ಅವರು ಮೆಲ್ಲಗೆ “ಬೇಡ ಮೇಡಂ” ಎಂದರು. ನನ್ನ ಮುಖ ನೋಡಿದರು, ಸುಮ್ಮನಾಗಿ ಸ್ಪ್ಯಾನರ್ ಕೈಗೆತ್ತಿಕೊಂಡರು. ಸುಳ್ಳು ಯಾಕೆ, ನನಗೆ ಸಿಟ್ಟು ನೆತ್ತಿಗೇರಿತ್ತು. ಹೋಗಿ ಅವರ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು ಕೆಳಗಿಟ್ಟೆ.

“ಇನ್ನೊಂದು ಸಲ ಹೇಳಿ” ಎಂದೆ.