ಮಾಯಾಳ ಕ್ಯಾಮೆರಾ ಸೈಕಲ್ಲು

ನಾನು ಸಿಟ್ಟಿನ ಮನುಷ್ಯ, ಮೊದಲೇ ಹೇಳಿಬಿಡುತ್ತೇನೆ. ಘಟಪ್ರಭಾದಲ್ಲಿ ರೈಲು ನಿಲ್ದಾಣದ ರಸ್ತೆಗೆ ನನ್ನ ಸೈಕಲ್ ಅಂಗಡಿ ಇದೆ. ಮೂವತ್ತು ವರ್ಷದಿಂದ ಪಂಕ್ಚರ್ ತಿದ್ದುತ್ತ ಊರಿನವರನ್ನೆಲ್ಲ ಬೈದಿದ್ದೇನೆ. ಆದರೆ ಮಾಯಾಳನ್ನು ಬೈದಷ್ಟು ಯಾರನ್ನೂ ಬೈದಿಲ್ಲ.

ಅವಳದು ಎಂಟನೇ ತರಗತಿಯಲ್ಲಿ ಸರಕಾರ ಕೊಟ್ಟ ಲೇಡೀಸ್ ಸೈಕಲ್ಲು. ಈಗ ಅವಳಿಗೆ ಇಪ್ಪತ್ತಾರು. ಫ್ರೇಮೊಂದು ಬಿಟ್ಟು ಉಳಿದದ್ದೆಲ್ಲ ನಾನೇ ಹಾಕಿದ್ದು. ಗೋಕಾಕದ ಸ್ಟುಡಿಯೋ ಒಂದರಲ್ಲಿ ಆಲ್ಬಮ್ ಅಂಟಿಸುತ್ತಲೇ ಫೋಟೋ ತೆಗೆಯುವುದನ್ನು ಕಲಿತಳು. ಕುಬಸದ ಮನೆಯಲ್ಲಿ, ಅಂದರೆ ಬಸುರಿಗೆ ಹಸಿರು ಸೀರೆ ಉಡಿಸಿ ಹಸಿರು ಬಳೆ ತೊಡಿಸುವ ಕಾರ್ಯದಲ್ಲಿ, ಗಂಡಸು ಫೋಟೋದವನು ನಿಂತರೆ ಹೆಂಗಸರು ಸೆರಗು ಹೊದ್ದು ಮುದುಡಿ ಕೂರುತ್ತಾರೆ. ಮಾಯಾ ನಿಂತರೆ ಹಲ್ಲು ಬಿಡುತ್ತಾರೆ. ಹೀಗಾಗಿ ಮೂಡಲಗಿಯಿಂದ ಹುಕ್ಕೇರಿಯವರೆಗೆ ಯಾರು ಬಸುರಾದರೂ ಮೊದಲ ಸುದ್ದಿ ಇವಳಿಗೇ.

ಕ್ಯಾರಿಯರ್ ಮೇಲೆ ಕ್ಯಾಮೆರಾ ಪೆಟ್ಟಿಗೆ, ಅದರೊಳಗೆ ಹಳೆಯ ಕೌದಿಯ ತುಂಡು. ಪೆಟ್ಟಿಗೆಯ ಮೇಲೆ ಅಡ್ಡಲಾಗಿ ಟ್ರೈಪಾಡು, ಹ್ಯಾಂಡಲ್ಲಿಗೆ ಲೈಟಿನ ಚೀಲ, ಬೆನ್ನಿಗೆ ಬಿಳಿ ಕೊಡೆ. ಕಬ್ಬಿನ ಟ್ರ್ಯಾಕ್ಟರಿನವರು ಕೂಡ ಹೆದರಿ ದಾರಿ ಬಿಡುತ್ತಾರೆ.

"ಬಸ್ಸಿನ್ಯಾಗ ಹೋಗಬಾರದೇನವಾ? ಹೆಣ್ಮಕ್ಕಳಿಗೆ ಫುಕಟ್ ಐತಿ," ಎಂದೆ ಒಮ್ಮೆ, ಮುರಿದ ಸ್ಪೋಕು ಕೀಳುತ್ತ.

"ಬಸ್ಸು ಫುಕಟ್ ಐತ್ರಿ ಕಾಕಾ, ಲೆನ್ಸ್ ಫುಕಟ್ ಇಲ್ಲ. ಆ ಗದ್ದಲದಾಗ ಹೊಕ್ಕರ ನಾ ಉಳೀತೇನಿ, ಅದು ಉಳಿಯಂಗಿಲ್ಲ."

ಇಷ್ಟೆಲ್ಲ ಜೋಪಾನ ಮಾಡುವವಳು ಒಂದನ್ನು ಮಾತ್ರ ಪೆಟ್ಟಿಗೆಗೆ ಹಾಕುತ್ತಿರಲಿಲ್ಲ. ರಸ್ತೆಯ ಕುಲುಕಾಟಕ್ಕೆ ಎಲ್ಲಿ ಬಿದ್ದುಹೋಗುತ್ತದೋ ಎಂದು, ಫೋಟೋ ತುಂಬಿದ ಮೆಮರಿ ಕಾರ್ಡನ್ನು ಓಢಣಿಯ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಅವರವ್ವ ಚಿಲ್ಲರೆ ಕಟ್ಟಿಕೊಳ್ಳುತ್ತಿದ್ದದ್ದೂ ಹಾಗೆಯೇ.

ಕಳೆದ ವರ್ಷ ನನ್ನ ಮಗಳು ಶೈಲಾಳ ಕುಬಸ, ಹುಕ್ಕೇರಿಯ ಅತ್ತೆಯ ಮನೆಯಲ್ಲಿ. ಅಳಿಯ ಮಹಾಂತೇಶ ಮಿಲಿಟರಿಯಲ್ಲಿದ್ದಾನೆ, ರಜೆ ಸಿಗಲಿಲ್ಲ. ಮರುದಿನ ನಸುಕಿನಲ್ಲೇ ಅವನು ಬೆಟ್ಟದ ಮೇಲಿನ ಚೌಕಿಗೆ ಹತ್ತುವವನಿದ್ದ. ಅಲ್ಲಿ ಮೂರು ತಿಂಗಳು ಫೋನೂ ಇಲ್ಲ, ಏನೂ ಇಲ್ಲ.

"ಹಸರ ಸೀರ್ಯಾಗ ಆಕಿನ್ನ ಒಮ್ಮೆ ನೋಡಿ ಹತ್ತತೇನ್ರಿ ಮಾವಾರ," ಎಂದು ಬೇಡಿಕೊಂಡಿದ್ದ. ಮಾಯಾ ಇದ್ದಾಳೆ, ಕಾಳಜಿ ಬೇಡ ಎಂದಿದ್ದೆ.

ಕಾರ್ಯ ಮುಗಿಸಿ ಮಗಳನ್ನು ತವರಿಗೆ ಕರೆತಂದೆವು. ಸಂಜೆ ಮಾಯಾ ತನ್ನ ಮನೆಗೆ ಹೋಗಿ, ಕೈಕಾಲು ತೊಳೆದು, ಫೋಟೋ ಕಳಿಸಲು ನಮ್ಮಲ್ಲಿಗೆ ಬಂದಳು. ಅಂಗಳದಲ್ಲಿ ಸೈಕಲ್ಲು ನಿಲ್ಲಿಸಿ ಓಢಣಿಯ ತುದಿ ಮುಟ್ಟಿದಳು. ಗಂಟೇ ಇರಲಿಲ್ಲ.

"ತಲಿ ಐತೇನ ನಿನಗ?" ನಾನು ಹೌಹಾರಿದೆ. "ಆ ಹುಡುಗಗ ಏನಂತ ಹೇಳ್ಲಿ?"

ಬಂದವರ ಕೈಯಲ್ಲಿ ಫೋನಿರಲಿಲ್ಲವೇ ಎಂದು ಕೇಳಬೇಡಿ. ಇದ್ದವು. ಎಲ್ಲರೂ ತಂತಮ್ಮ ಮುಖವನ್ನೇ ತೆಗೆದುಕೊಂಡಿದ್ದರು. ಹಿಂದೆಲ್ಲೋ ಶೈಲಾಳ ಒಂದು ಕಿವಿ ಕಂಡರೆ ಪುಣ್ಯ. ಸರಿ, ಈಗಲೇ ಒಂದು ತೆಗೆಯೋಣವೆಂದು ನನ್ನ ಫೋನು ಹಿಡಿದರೆ ಮಗಳು ಅತ್ತೂ ಅತ್ತೂ ಮುಖ ಊದಿಸಿಕೊಂಡಿದ್ದಳು. ಅದನ್ನು ಕಳಿಸಿದ್ದರೆ ಅಳಿಯ ಬೆಟ್ಟ ಹತ್ತುವುದು ಬಿಟ್ಟು ಇಳಿದು ಬರುತ್ತಿದ್ದ.

ನನ್ನ ಹೆಂಡತಿ ಶಂಕ್ರವ್ವ ನಡುವೆ ಬಂದಳು. "ಒದರೂದು ಬಿಡ್ರಿ. ಮಾಯಾ, ನಿನಗ ಉಡಿ ತುಂಬಿದ್ದು ಯಾವಾಗ?"

ಮಾಯಾ ಹಣೆ ಬಡಿದುಕೊಂಡಳು. ಕಾರ್ಡು ಕಟ್ಟಿಕೊಳ್ಳುತ್ತಿದ್ದಾಗಲೇ ಶೈಲಾಳ ಅತ್ತೆ "ಬಾರವಾ, ಉಡಿ ಹಿಡಿ" ಎಂದು ಕರೆದಿದ್ದರಂತೆ. ಕಾರ್ಯದ ಮನೆಯಲ್ಲಿ ಉಡಿ ಬೇಡವೆನ್ನಲು ಬರುತ್ತದೆಯೇ? ಅರ್ಧ ಗಂಟಿನ ಅದೇ ಓಢಣಿ ಚಾಚಿ ಅಕ್ಕಿ, ಕಾಯಿ, ಅರಿಷಿಣ ಕೊಂಬು ಎಲ್ಲ ತುಂಬಿಸಿಕೊಂಡಿದ್ದಳು.

"ಆ ಅಕ್ಕಿ ಎಲ್ಲೈತಿ?"

"ಅವ್ವ ಗಿರಣಿಗೆ ಒಯ್ದಾಳ್ರಿ, ಚಕ್ಕಲಿ ಹಿಟ್ಟಿಗೆ!"

ಆ ಮನೆಯಲ್ಲಿ ಅಕ್ಕಿ ಕೊಳ್ಳುವುದೇ ಇಲ್ಲ, ಊರೂರಿನ ಉಡಿ ಅಕ್ಕಿಯೇ ಡಬ್ಬಿ ತುಂಬುತ್ತದೆ.

ಸಾಮಾನು ಇಳಿಸಲು ಪುರುಸೊತ್ತೆಲ್ಲಿ? ಪೆಟ್ಟಿಗೆ, ಟ್ರೈಪಾಡು, ಕೊಡೆ ಸಮೇತ ಮಾಯಾ ಹಾರಿದಳು. ನಾನು ಅಂಗಳದಲ್ಲಿದ್ದ, ಗಿರಾಕಿಯೊಬ್ಬನ ಸೈಕಲ್ಲು ಹತ್ತಿ ಹಿಂದೆ ಬಿದ್ದೆ. ಅದು ಬ್ರೇಕಿನ ರಿಪೇರಿಗೆ ಬಂದದ್ದೆಂಬುದು ಇಳಿಜಾರಿನಲ್ಲಿ ನೆನಪಾಯಿತು. "ಬಾಜೂ ಸರೀರಿ! ಬಾಜೂ ಸರೀರಿ!" ಎಂದು ಒದರುತ್ತ ಹೋದೆ. ಬರಿಗೈಲಿದ್ದ ನನಗೆ ಅಷ್ಟು ಹೇರಿಕೊಂಡವಳು ಸಿಗಲೇ ಇಲ್ಲ.

ನಾನು ಮುಟ್ಟುವಷ್ಟರಲ್ಲಿ ಗಿರಣಿ ನಿಂತಿತ್ತು. ಅಕ್ಕಿ ಅರ್ಧ ಹಿಟ್ಟಾಗಿತ್ತು. ಮಾಯಾ ಆ ಹಿಟ್ಟಿಗೆ ಕೈ ಹಾಕಲು ಹೆದರಿ ನಿಂತಿದ್ದಳು. ಸರದಿಯಲ್ಲಿದ್ದ ಹೆಂಗಸರು ಉಳಿದ ಅಕ್ಕಿಯನ್ನು ಮೊರಕ್ಕೆ ಸುರಿದು ಕೇರತೊಡಗಿದರು. ಒಂದು ಮೊರ ಆಯಿತು, ಎರಡಾಯಿತು.

"ಇದ್ಯಾವ ಕರೀ ಹರಳವಾ, ಚೌಕ ಐತಿ?" ಎಂದಳು ಒಬ್ಬ ಮುದುಕಿ.

ಮಾಯಾ ಅದನ್ನು ಕಸಿದುಕೊಂಡು, ಅರಿಷಿಣ ಒರೆಸಿ, ಪೆಟ್ಟಿಗೆ ಬಿಚ್ಚಿ ಅಲ್ಲೇ ಕ್ಯಾಮೆರಾಕ್ಕೆ ಹಾಕಿದಳು. ಪರದೆಯ ಮೇಲೆ ಶೈಲಾ ಬಂದಳು: ಹಸಿರು ಸೀರೆ, ಕೈತುಂಬ ಬಳೆ, ಕಣ್ಣು ಮುಚ್ಚಿ ಬಿದ್ದುಬಿದ್ದು ನಗುತ್ತಿದ್ದಾಳೆ.

"ಇಷ್ಟ್ಯಾಕ ನಗಾಕತ್ತಾಳ?" ಎಂದೆ.

"ನೀವು ಹೆಂಗ ಬೈತೀರಿ ಅಂತ ಮಾಡಿ ತೋರಿಸಿದ್ನಿರಿ," ಎಂದಳು ಮಾಯಾ. ಗಿರಣಿಯೆಲ್ಲ ನಕ್ಕಿತು. ನಾನೂ ನಕ್ಕೆ, ಏನು ಮಾಡಲಿ!

ಫೋಟೋಗಳನ್ನು ಅಲ್ಲಿಂದಲೇ ಅಳಿಯನಿಗೆ ಕಳಿಸಿದಳು. ನಾವು ಮನೆ ಮುಟ್ಟುವಷ್ಟರಲ್ಲಿ ನನ್ನ ಫೋನಿಗೆ ಅವನ ವಾಯ್ಸ್ ಮೆಸೇಜು ಬಂದಿತ್ತು. ಅದನ್ನು ಹಚ್ಚಿ ಶೈಲಾಳ ಮುಂದೆ ಹಿಡಿದೆ.

"ಮಾವಾರ, ಆಕಿ ನಗಾಕತ್ತಾಳಲ್ರಿ! ನಾ ಇಲ್ಲಿ ಬಂದಾಗಿಂದ ಫೋನ್‌ನ್ಯಾಗ ಬರೇ ಅಳೂದ ಕೇಳೇನಿ. ಇನ್ನ ಮೂರಲ್ಲ, ಆರು ತಿಂಗಳಾದ್ರೂ ಮ್ಯಾಲೆ ಇರತೇನಿ ತಗೋರಿ."

"ಆರು ತಿಂಗಳಂತ! ಬರ್ಲಿ ಅಂವಾ, ಮಾಡತೇನಿ," ಎಂದು ಶೈಲಾ ಬೈದಳು. ಬೈಯುತ್ತಲೇ ಅತ್ತಳು. ಆಮೇಲೆ ಇನ್ನೊಮ್ಮೆ ಹಚ್ಚು ಎಂದಳು. ನಾಲ್ಕು ಸಲ ಹಚ್ಚಿದೆ.