ಎಲ್ಲರಿಗೂ ಬೂಟು

ಅವರ ಎರಡೂ ಪಾದಗಳಲ್ಲಿ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಗ್ಲೆನೆಲ್ಗ್ ಕಡಲತೀರದ ಮರಳಿನಲ್ಲಿ ಬರಿಗಾಲಲ್ಲಿ ನಡೆದು ಬಂದು, ನಮ್ಮ ಮೆಟ್ಟಿಲ ಮೇಲೆ ಕೂತು ಪಾದ ಕೊಡವಿಕೊಳ್ಳುವಾಗ ಕಂಡದ್ದು. ಪಕ್ಕದ ಮನೆಯ ಆ ಹಿರಿಯರನ್ನು ನಾವು ಅಂಕಲ್ ಎನ್ನುತ್ತಿದ್ದೆವು. ಪೂರ್ವ ಯುರೋಪಿನ, ಈಗ ನಕಾಶೆಯಲ್ಲೇ ಇಲ್ಲದ ಒಂದು ಸಮಾಜವಾದಿ ದೇಶದವರು. ಜನರ ಜೀವನಮಟ್ಟ ಎಷ್ಟು ಏರಿತು ಎಂದು ವರ್ಷವರ್ಷವೂ ಸರ್ಕಾರಕ್ಕೆ ಲೆಕ್ಕ ಒಪ್ಪಿಸುವುದು ಅಲ್ಲಿ ಅವರ ನೌಕರಿಯಾಗಿತ್ತು.

ನನ್ನ ಉಪ್ಪಿಟ್ಟಿಗೆ ಉಪ್ಪು ಹೆಚ್ಚಾದರೆ ಹೆಚ್ಚಾಯಿತು ಎಂದೇ ಹೇಳುವರು. "ಹೊಗಳೋ ಕೆಲಸದಿಂದ ರಿಟೈರ್ ಆಗಿದ್ದೀನಿ" ಎಂದು ತಮ್ಮ ಇಂಗ್ಲಿಷಿನಲ್ಲಿ ಹೇಳಿ ನಗುವರು.

ನನ್ನ ಮಗಳು ಆಗ ಯೂನಿವರ್ಸಿಟಿಯಲ್ಲಿ ಅರ್ಥಶಾಸ್ತ್ರ ಓದುತ್ತಿದ್ದಳು. ಒಂದು ಮಧ್ಯಾಹ್ನ ಟೀ ಹೊತ್ತಿನಲ್ಲಿ ತನ್ನ ಪ್ರಬಂಧದ ಕೊನೆಯ ಮಾತನ್ನು ಹೆಮ್ಮೆಯಿಂದ ಓದಿದಳು: ಸಮಾಜವಾದಿ ದೇಶಗಳ ಅಂಕಿಅಂಶವೆಲ್ಲ ಹಸಿ ಸುಳ್ಳು.

ಅಂಕಲ್ ಕಪ್ಪು ಕೆಳಗಿಟ್ಟರು. "ಹಾಗಾದ್ರೆ ನಾನು ಬದುಕಿದ್ದೂ ಸುಳ್ಳಾ, ಪ್ರೊಫೆಸರ್?"

"ಸಾರಿ ಅಂಕಲ್, ಬಟ್ ದಟ್ಸ್ ವಾಟ್ ದ ಬುಕ್ಸ್ ಸೇ."

"ಅವಳಿಗೇನು ಗೊತ್ತು, ಬಿಡಿ ಅಂಕಲ್" ಎಂದು ನಾನು ನಡುವೆ ಬಾಯಿ ಹಾಕಿದೆ.

"ಇಲ್ಲಮ್ಮ, ಬರೀಲಿ. ಪೂರ್ತಿ ಬರೀಲಿ" ಎನ್ನುತ್ತಾ ಪಾದಗಳನ್ನು ಸ್ಟೂಲಿನ ಮೇಲೆ ಚಾಚಿದರು. "ಎಲ್ಲರಿಗೂ ಆಗೋವಷ್ಟು ಬೂಟು ತಯಾರಾಗಿದೆ ಅಂತ ನಾನೇ ಬರೆದೆ. ತಯಾರಾಗಿದ್ದು ನಿಜ. ಆದ್ರೆ ಫ್ಯಾಕ್ಟರಿಗೆ ಬೇಕಿದ್ದಿದ್ದು ಬರೀ ಸಂಖ್ಯೆ. ಚಿಕ್ಕ ಸೈಜಿಗೆ ಚರ್ಮ ಕಡಿಮೆ ಸಾಕಲ್ಲ, ಚಿಕ್ಕದನ್ನೇ ಹೊಲಿದು ಹಾಕ್ತಿದ್ರು. ನಾವು ಬೂಟು ಎಣಿಸಿದ್ವಿ, ಪಾದ ನೋಡ್ಲಿಲ್ಲ. ಆ ಲೆಕ್ಕ ಬರೆಯೋಕೆ ನಾನು ಹೋಗ್ತಿದ್ದಿದ್ದೂ ಅದೇ ಬೂಟು ಹಾಕ್ಕೊಂಡು!"

ಮಗಳು ಆ ಬೆರಳುಗಳನ್ನೇ ನೋಡುತ್ತಿದ್ದಳು. ಅವರು ದನಿ ತಗ್ಗಿಸಿದರು. "ನಮ್ಮಮ್ಮನಿಗೆ ಓದೋಕೆ ಬರ್ತಿರ್ಲಿಲ್ಲ. ಸರ್ಕಾರದ ಸಂಜೆ ಶಾಲೇಲಿ ಕಲಿತಳು. ಓದು ಬಂದವರ ಲೆಕ್ಕದಲ್ಲಿ ಅವಳೂ ಇದ್ದಾಳೆ. ಅವಳನ್ನ ಅಳಿಸ್ಬೇಡ ಮಗೂ."

ಮಗಳು ಆ ಸಾಲನ್ನು ಹೊಡೆದುಹಾಕಿದಳು. ಅದರ ಜಾಗದಲ್ಲಿ, ಯಾವುದನ್ನು ಎಣಿಸಿದರು, ಯಾವುದನ್ನು ಎಣಿಸದೆ ಬಿಟ್ಟರು ಎಂದು ಬರೆಯತೊಡಗಿದಳು. ಸಂಜೆಯಾದರೂ ಇಬ್ಬರೂ ಕೂತಲ್ಲಿಂದ ಏಳಲಿಲ್ಲ.

ಕೆಲವು ವರ್ಷಗಳ ನಂತರ ಒಂದು ಚಳಿಗಾಲದಲ್ಲಿ ಅಂಕಲ್ ತೀರಿಕೊಂಡರು. ಹಿಂದೆಮುಂದೆ ಯಾರೂ ಇರಲಿಲ್ಲ. ಬ್ರಿಸ್ಬೇನ್‌ನಲ್ಲಿ ಕೆಲಸಕ್ಕಿದ್ದ ಮಗಳು ಓಡಿಬಂದಳು. ಅಂತ್ಯಕ್ರಿಯೆ ನಡೆಸುವ ಸಂಸ್ಥೆಗೆ, ಅವರಿಗೆ ಉಡಿಸಲೆಂದು ಅವರ ಕೋಟು, ಇಸ್ತ್ರಿ ಮಾಡಿದ ಅಂಗಿ ಒಯ್ದೆವು. ಅಲ್ಲಿನ ಹೆಂಗಸು ಎಲ್ಲವನ್ನೂ ಮಡಿಸಿಟ್ಟುಕೊಂಡು, "ಶೂಸ್?" ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಮಗಳು ಹೇಳಿದಳು: "ನೋ ಶೂಸ್. ಹೀ ವಾಕ್ಸ್ ಬೇರ್‌ಫುಟ್."