ನನ್ನ ಕ್ಯಾಸೆಟ್ಟಿಗೆ ನಾನೇ ಗಿರಾಕಿ

ಹೆಸರಿಲ್ಲದ ಹಾಡುಗಾರನ ಕ್ಯಾಸೆಟ್ಟನ್ನು ಅಂಗಡಿಯವರು ಮುಟ್ಟಿಯೂ ನೋಡುತ್ತಿರಲಿಲ್ಲ. ಅದಕ್ಕೇ ನಾನೊಂದು ಹಿಕಮತ್ತು ಮಾಡಿದೆ. ಕುಷ್ಟಗಿಯ ಅಂಗಡಿಯೊಂದಕ್ಕೆ ಗಿರಾಕಿಯ ಹಾಗೆ ಹೋಗಿ, ನನ್ನದೇ ತತ್ವಪದದ ಕ್ಯಾಸೆಟ್ಟಿನ ಹೆಸರು ಹೇಳಿ, "ಐತೇನ್ರಿ?" ಅಂತ ವಾರಕ್ಕೊಮ್ಮೆಯಂತೆ ಮೂರು ವಾರ ಕೇಳಿದೆ. ಕವರಿನ ಮೇಲೆ ನನ್ನ ಫೋಟೋ ಇರಲಿಲ್ಲ. ಜನ ಕೇಳುತ್ತಾರೆ ಅನಿಸಿದರೆ ತಾವೇ ತರಿಸಿ ಇಡುತ್ತಾರೆ ಅಂದುಕೊಂಡಿದ್ದೆ.

ನಾಲ್ಕನೇ ಸಲ ಅಂಗಡಿಯ ಅಜ್ಜ ದೂರದಿಂದಲೇ ಕೈ ಮಾಡಿ ಕರೆದ.

"ಬರ್ರಿ, ಸಿಕ್ತು ನೋಡ್ರಿ ನಿಮ್ಮ ಕ್ಯಾಸೆಟ್. ನಿನ್ನಿ ಅಂಗಡಿ ಬಂದ್ ಮಾಡಿ ಗಂಗಾವತಿಗೆ ಹೋಗಿ ತಂದೀನಿ."

ಗಂಗಾವತಿಯ ಅಂಗಡಿಯೊಂದರಲ್ಲಿ ಕಾಡಿ ಬೇಡಿ ಅದನ್ನು ಇಟ್ಟು ಬಂದವನು ನಾನೇ. ಹೆಗಲ ಚೀಲದಲ್ಲಿ ಅಂಥವೇ ಇನ್ನೂ ಮೂವತ್ತು ಇದ್ದವು.

"ಒಂದಕ್ಕ ಅಷ್ಟು ದೂರ ಹೋಗಿದ್ರೇನ್ರಿ ಅಜ್ಜಾರ?"

"ಮತ್ತ? ಇಷ್ಟು ಆಸೆ ಇಟ್ಕೊಂಡು ಕೇಳಾಕತ್ತೀರಿ, ಇಲ್ಲ ಅನ್ನಾಕ ಮನಸ್ಸು ಬರಲಿಲ್ರಿ."

ನಿಜ ಹೇಳುವ ಬದಲು, "ಹಾಡು ಹೆಂಗ ಅದಾವ್ರಿ?" ಅಂತಷ್ಟೇ ಕೇಳಿದೆ.

"ಅಯ್ಯ, ನಿಮ್ಮ ಮಾಲು. ನಾ ಯಾಕ ಬಿಚ್ಚಲಿ?"

ಕ್ಯಾಸೆಟ್ ತಗೊಂಡು ಬಂದವನು ನಾಚಿಕೆಗೆ ಮತ್ತೆ ಆ ಕಡೆ ಹೋಗಲಿಲ್ಲ. ನನ್ನ ಹಾಡು ಹುಡುಕಿಕೊಂಡು ಊರು ದಾಟಿ ಹೋದವನು ಇವತ್ತಿಗೂ ಆ ಅಜ್ಜ ಒಬ್ಬನೇ. ಅವನಿಗೇ ಅದನ್ನು ಕೇಳಿಸಲಿಲ್ಲ.